ಸ್ಕ್ಯಾನ್ ಮಾಡುವ ಮುಂಚೆ ಹತ್ತು ಸೆಕೆಂಡು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ದುಡ್ಡು ಕೊಡುವ, ತೆಗೆದುಕೊಳ್ಳುವ ವಿಷಯದ್ದೇ. ಡೊಂಬಿವಲಿಯಿಂದ ಬಂದಿರಲಿ, ವಾಸ್ಕೋದಿಂದ ಬಂದಿರಲಿ, ಓದುತ್ತಾ ಹೋದರೆ ತಕರಾರು ಒಂದೇ ಥರ ಕಾಣುತ್ತದೆ. ಎದುರಿನವರು ಅವಸರ ಮಾಡಿದರು, ನಾವು ಸರಿಯಾಗಿ ನೋಡಲಿಲ್ಲ. ಅದಕ್ಕೆ ಈ ತಿಂಗಳ ಪುಟ ಪೂರ್ತಿ ಇದಕ್ಕೇ.

ಪ್ರಶ್ನೆ: ನಮ್ಮ ಅಮ್ಮನಿಗೆ 68 ವರ್ಷ. ಇವತ್ತಿಗೂ ನೋಟು, ಚಿಲ್ಲರೆ ಬಿಟ್ಟು ಬೇರೇನೂ ಬೇಡ ಅಂತಾರೆ. ಮೊನ್ನೆ 30 ರೂಪಾಯಿ ಸೊಪ್ಪಿಗೆ 100ರ ನೋಟು ಕೊಟ್ಟರೆ ತರಕಾರಿಯವನು ‘ಚಿಲ್ಲರೆ ಇಲ್ಲ, ಸ್ಕ್ಯಾನ್ ಮಾಡಿ’ ಅಂದನಂತೆ. ಹಿಂದೆ ನಿಂತವರು ಗೊಣಗಿದರಂತೆ. ಅಮ್ಮ ಸೊಪ್ಪು ಅಲ್ಲೇ ಇಟ್ಟು ಬಂದುಬಿಟ್ಟರು. ಯುಪಿಐ ಕಲಿಸ್ತೀನಿ ಅಂದರೆ ಕೇಳೋದೇ ಇಲ್ಲ. ಏನು ಮಾಡಲಿ? (ಓದುಗರು, ಡೊಂಬಿವಲಿ)

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮ ಅಮ್ಮನದು ಏನೂ ತಪ್ಪಿಲ್ಲ. ಯುಪಿಐ ಶುರುವಾಗಿದ್ದು 2016ರಲ್ಲಿ. ಅಮ್ಮ ಸಂತೆಗೆ, ಅಂಗಡಿಗೆ ಹೋಗಿ ಲೆಕ್ಕ ಇಟ್ಟು ಸಂಸಾರ ನಡೆಸುತ್ತಿರುವುದು ಅದಕ್ಕಿಂತ ಎಷ್ಟೋ ವರ್ಷ ಮುಂಚಿನಿಂದ. ನೋಟು ಹಿಡಿದು ಬಂದವರನ್ನು ಹಿಂದುಳಿದವರ ಥರ ನೋಡುವುದು ನನಗೆ ಬಹಳ ಬೇಜಾರು ತರುತ್ತದೆ.

ನನ್ನ ತಾಯಿಯ ಹತ್ತಿರ ಒಂದು ಸ್ಟೀಲ್ ಡಬ್ಬಿ ಇತ್ತು. ಬೆಳಿಗ್ಗೆ ಮಾರ್ಕೆಟ್ಟಿಗೆ ಹೊರಡುವ ಮುಂಚೆ ಅದರಿಂದ ಹತ್ತರ ನೋಟು ಐದು, ಇಪ್ಪತ್ತರದು ನಾಲ್ಕು, ಒಂದಿಷ್ಟು ನಾಣ್ಯ ಎಣಿಸಿ ಚಿಕ್ಕ ಪರ್ಸಿಗೆ ಹಾಕುತ್ತಿದ್ದರು, ವಾಪಸ್ ಬಂದ ಮೇಲೆ ಚೀಲ ಇಳಿಸುವ ಮುಂಚೆಯೇ ಉಳಿದಿದ್ದನ್ನು ಮತ್ತೆ ಎಣಿಸುತ್ತಿದ್ದರು. ಇವತ್ತು ಎಷ್ಟು ಖರ್ಚಾಯ್ತು ಅಂತ ಅವರ ಬೆರಳಿಗೇ ಗೊತ್ತಾಗುತ್ತಿತ್ತು. ಫೋನಿನಲ್ಲಿ ಕೊಟ್ಟ ದುಡ್ಡು ಕೈಗೆ ಹಾಗೆ ಗೊತ್ತಾಗುವುದಿಲ್ಲ. ಇದು ನನಗೂ ಆಗುತ್ತದೆ, ತಿಂಗಳ ಕೊನೆಗೆ ಪಟ್ಟಿ ತೆಗೆದು ನೋಡಿದಾಗಲೇ ಚಹಾ ವಡಾಪಾವ್‌ಗೆ ಎಷ್ಟು ಹೋಗಿದೆ ಅಂತ ತಿಳಿಯುವುದು.

ಹಾಗಾಗಿ ನೋಟು ಬಿಡಿಸುವ ಹಟ ಬೇಡ. ಚಿಲ್ಲರೆಯ ವ್ಯವಸ್ಥೆ ನೀವು ಮಾಡಿಕೊಡಿ. ತಿಂಗಳಿಗೊಮ್ಮೆ ಬ್ಯಾಂಕಿಗೆ ಹೋಗಿ 10, 20ರ ನೋಟಿನ ಕಟ್ಟು ಕೇಳಿ ತನ್ನಿ. ಹತ್ತು ರೂಪಾಯಿ ನಾಣ್ಯವನ್ನು ಯಾರಾದರೂ ‘ಇದು ನಡೆಯಲ್ಲ’ ಅಂದರೆ ಅಮ್ಮನಿಗೆ ಧೈರ್ಯವಾಗಿ ಹೇಳಲು ಹೇಳಿ: ರೂಪಾಯಿ ಗುರುತು ಇರುವುದು, ಇಲ್ಲದಿರುವುದು, ಎಲ್ಲ ಸೇರಿ 14 ವಿನ್ಯಾಸದ ನಾಣ್ಯಗಳೂ ನಡೆಯುತ್ತವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟ ಮಾಡಿದೆ.

ಅಮ್ಮನಿಗೇ ಮನಸ್ಸು ಬಂದರೆ ಮಾತ್ರ ಯುಪಿಐ ಲೈಟ್‌ನಿಂದ ಶುರು ಮಾಡಿ. ಅದರಲ್ಲಿ ಜಾಸ್ತಿ ಅಂದರೆ 5000 ರೂಪಾಯಿ ಇಡಬಹುದು, ಒಂದು ಸಲಕ್ಕೆ 1000ದ ವರೆಗೆ ಕೊಡಬಹುದು, ಪಿನ್ ಹಾಕಬೇಕಾಗಿಲ್ಲ. ನೀವು 500 ಮಾತ್ರ ಹಾಕಿಡಿ. ಡಬ್ಬಿಯಿಂದ ಪರ್ಸಿಗೆ ಹಾಕಿದ ಹಾಗೆ ಅಂತ ಹೇಳಿದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಪಿನ್ ಇಲ್ಲ ಅಂದಮೇಲೆ ಫೋನಿಗೆ ಲಾಕ್ ಇರಲೇಬೇಕು, ಅದನ್ನು ಮರೆಯಬೇಡಿ. ಇನ್ನೊಂದು ದಾರಿ ಯುಪಿಐ ಸರ್ಕಲ್. ನಿಮ್ಮ ಖಾತೆಯಿಂದಲೇ ಅಮ್ಮ ತಮ್ಮ ಫೋನಿನಲ್ಲಿ ದುಡ್ಡು ಕೊಡಬಹುದು, ತಿಂಗಳಿಗೆ ಇಷ್ಟೇ ಅಂತ ಮಿತಿ ಹಾಕಬಹುದು, ಅಥವಾ ಪ್ರತಿ ಸಲ ನೀವು ಒಪ್ಪಿದರೆ ಮಾತ್ರ ಹೋಗುವ ಹಾಗೆ ಇಡಬಹುದು. ಆದರೆ ಎರಡನೆಯದರಲ್ಲಿ ಅಮ್ಮ ತರಕಾರಿಯವನ ಮುಂದೆ ನಿಂತಿರುವಾಗ ನೀವು ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಇದ್ದರೆ ಕಷ್ಟ, ನೋಡಿ.

ಕಲಿಸುವಾಗ ಫೋನು ಅವರ ಕೈಯಲ್ಲೇ ಇರಲಿ. ‘ಕೊಡು ಇಲ್ಲಿ, ನಾನೇ ಮಾಡ್ತೀನಿ’ ಅಂತ ಕಿತ್ತುಕೊಂಡರೆ ಯಾರೂ ಕಲಿಯುವುದಿಲ್ಲ.

ಪ್ರಶ್ನೆ: ಮಾಟುಂಗಾ ಹತ್ತಿರ ನಮ್ಮದೊಂದು ಚಿಕ್ಕ ಹೋಟೆಲ್. ಮಧ್ಯಾಹ್ನ ಊಟದ ಹೊತ್ತಿಗೆ ಗಲ್ಲಾದ ಮುಂದೆ ಜನ ತುಂಬಿರುತ್ತಾರೆ. ಇಬ್ಬರು ಹುಡುಗರು 640 ರೂಪಾಯಿ ಬಿಲ್ಲಿಗೆ ಫೋನಿನಲ್ಲಿ ಹಸಿರು ಟಿಕ್ ತೋರಿಸಿ ಹೋದರು. ರಾತ್ರಿ ಲೆಕ್ಕ ನೋಡಿದರೆ ಆ ದುಡ್ಡು ಬಂದೇ ಇಲ್ಲ. ಇದನ್ನು ತಡೆಯೋದು ಹೇಗೆ?

ಅಣ್ಣಾ, ಗಿರಾಕಿಯ ಫೋನ್ ನೋಡುವುದನ್ನು ಇವತ್ತಿಂದಲೇ ನಿಲ್ಲಿಸಿ. ಅವರ ಫೋನಿನಲ್ಲಿ ಏನು ಕಾಣುತ್ತದೋ ಅದು ಅವರದು. ದುಡ್ಡು ಬಂದಿದೆಯೋ ಇಲ್ಲವೋ ಅಂತ ಹೇಳಬೇಕಾದ್ದು ನಿಮ್ಮ ಸೌಂಡ್ ಬಾಕ್ಸ್ ಅಥವಾ ನಿಮ್ಮ ಫೋನು. ಟಿಕ್ ಮಾರ್ಕು, ಹೆಸರು, ಮೊತ್ತ, ಸಮಯ ಎಲ್ಲ ಅಸಲಿಯ ಹಾಗೇ ತೋರಿಸುವ ನಕಲಿ ಆ್ಯಪ್‌ಗಳಿವೆ. ನಿನ್ನೆಯ ಸ್ಕ್ರೀನ್‌ಶಾಟ್ ತೋರಿಸುವವರೂ ಇದ್ದಾರೆ.

ನಿಮ್ಮ ಬಾಕ್ಸ್ ಎಲ್ಲಿಟ್ಟಿದ್ದೀರಿ ಅಂತ ನೀವು ಬರೆದಿಲ್ಲ. ಅನೇಕ ಹೋಟೆಲುಗಳಲ್ಲಿ ನಾನು ನೋಡಿದ್ದೇನೆ, ಅದು ಸೋಂಪಿನ ಬಟ್ಟಲಿನ ಹಿಂದೆ, ದೇವರ ಫೋಟೋ ಕೆಳಗೆ, ಗಿರಾಕಿಗಳ ಕಡೆ ಮುಖ ಮಾಡಿ ಕೂತಿರುತ್ತದೆ. ಒಳಗೆ ಗ್ರೈಂಡರ್ ಓಡುತ್ತಿರುತ್ತದೆ, ಸಪ್ಲೈಯರ್ ‘ಎರಡು ಮಸಾಲೆ’ ಅಂತ ಕೂಗುತ್ತಿರುತ್ತಾನೆ, ಗಲ್ಲಾದಲ್ಲಿ ಕೂತವರಿಗೆ ಬಾಕ್ಸ್ ಹೇಳಿದ್ದು ಕೇಳುವುದೇ ಇಲ್ಲ. ಬಾಕ್ಸನ್ನು ನಿಮ್ಮ ಕಿವಿಯ ಹತ್ತಿರಕ್ಕೆ ತನ್ನಿ. ಚಾರ್ಜ್ ಇದೆಯಾ ಅಂತ ಊಟದ ಹೊತ್ತಿಗೆ ಮುಂಚೆ ನೋಡಿ. ಅದರ ಒಳಗೂ ಒಂದು ಸಿಮ್ ಇರುತ್ತದೆ, ನೆಟ್‌ವರ್ಕ್ ಸರಿ ಇಲ್ಲದಿದ್ದರೆ ತಡವಾಗಿ ಮಾತಾಡುತ್ತದೆ. ಆಗ ‘ಎರಡು ನಿಮಿಷ ನಿಲ್ಲಿ ಸಾರ್, ಇನ್ನೂ ಬಂದಿಲ್ಲ’ ಅಂತ ಹೇಳಲು ಸಂಕೋಚ ಬೇಡ. ನಿಜವಾಗಿ ಕೊಟ್ಟವರು ನಿಲ್ಲುತ್ತಾರೆ.

ಇನ್ನೊಂದು. ಬೆಳಿಗ್ಗೆ ಬಾಗಿಲು ತೆಗೆದು ದೀಪ ಹಚ್ಚಿದ ಮೇಲೆ ನಿಮ್ಮ ಕ್ಯೂಆರ್ ಕೋಡನ್ನು ನೀವೇ ಬೇರೆ ಫೋನಿನಿಂದ ಸ್ಕ್ಯಾನ್ ಮಾಡಿ, ಹೆಸರು ನಿಮ್ಮದೇ ಬರುತ್ತಾ ನೋಡಿ. ಮೇಲೆ ಇನ್ನೊಂದು ಸ್ಟಿಕ್ಕರ್ ಅಂಟಿಸಿ ಹೋಗುವ ಕಳ್ಳತನವೂ ಇದೆ. ಉಗುರಿನಿಂದ ಮೂಲೆ ಕೆರೆದು ನೋಡಿದರೆ ಗೊತ್ತಾಗಿಬಿಡುತ್ತದೆ.

ಪ್ರಶ್ನೆ: ಪುಣೆಯಲ್ಲಿ ರೂಮ್ ಮಾಡಿಕೊಂಡಿದ್ದೇನೆ. ಊರಲ್ಲಿರೋ ಅವ್ವಗ 3000 ಕಳಿಸಿದೆ. ನನ್ನ ಖಾತೆಯಿಂದ ರೊಕ್ಕ ಹೋಗಿದೆ, ಅವ್ವಗ ಮುಟ್ಟಿಲ್ಲ. ಆ್ಯಪ್ ಒಳಗ ‘ಪೆಂಡಿಂಗ್’ ಅಂತ ತೋರಿಸ್ತದ. ಮತ್ತೊಮ್ಮೆ ಕಳಿಸಲಾ? (ಓದುಗರು, ಕಾತ್ರಜ್)

ಸ್ವಲ್ಪ ತಡೀರಿ, ತಕ್ಷಣ ಮತ್ತೊಮ್ಮೆ ಕಳಿಸಬೇಡಿ. ಎರಡೂ ಹೋಗಿ ಮುಟ್ಟಿದರೆ ಆಮೇಲೆ ನಿಮ್ಮ ತಿಂಗಳ ಲೆಕ್ಕ ಏರುಪೇರು. ರಿಸರ್ವ್ ಬ್ಯಾಂಕಿನ 2019ರ ನಿಯಮ ನಿಮ್ಮ ಪರವಾಗಿದೆ. ಒಬ್ಬರಿಂದ ಒಬ್ಬರಿಗೆ ಯುಪಿಐನಲ್ಲಿ ಕಳಿಸಿದ ದುಡ್ಡು ಮುಟ್ಟದಿದ್ದರೆ ಮರುದಿನದೊಳಗೆ ತಾನಾಗಿ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟು, ಅಂಗಡಿಯವರಿಗೆ ದುಡ್ಡು ಬಂತು ಅನ್ನುವ ಖಾತ್ರಿ ಹೋಗದಿದ್ದರೆ ಐದು ದಿನ. ಅದಕ್ಕಿಂತ ತಡವಾದರೆ ದಿನಕ್ಕೆ 100 ರೂಪಾಯಿ ಲೆಕ್ಕದಲ್ಲಿ ಪರಿಹಾರ ಸಿಗಬೇಕು, ಅದನ್ನು ನೀವು ಕೇಳದಿದ್ದರೂ ಕೊಡಬೇಕು ಅಂತಲೇ ಇದೆ.

ಆ್ಯಪ್‌ನಲ್ಲಿ ಆ ವ್ಯವಹಾರ ತೆರೆದು ಯುಟಿಆರ್ ನಂಬರ್, ಅಂದರೆ ಆ ವ್ಯವಹಾರದ ಗುರುತಿನ ಸಂಖ್ಯೆ, ಬರೆದಿಟ್ಟುಕೊಳ್ಳಿ, 12 ಅಂಕಿ ಇರುತ್ತದೆ. ಅಲ್ಲೇ ದೂರು ಕೊಡಿ, ನಿಮ್ಮ ಬ್ಯಾಂಕಿಗೂ ಬರೆಯಿರಿ. ಬಾಯಿಮಾತಲ್ಲಿ ಹೇಳಿ ಬಂದರೆ ಸಾಲದು, ದೂರಿನ ನಂಬರ್ ಕೈಯಲ್ಲಿರಬೇಕು. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಸರಿ ಅನ್ನಿಸದಿದ್ದರೆ, ಬ್ಯಾಂಕುಗಳ ಮೇಲಿನ ದೂರು ಕೇಳುವ ಅಧಿಕಾರಿ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಅದಕ್ಕೆ ಖರ್ಚಿಲ್ಲ, ವಕೀಲರೂ ಬೇಡ.

ಅವ್ವಗ ಮೊದಲು ಒಂದು ಫೋನ್ ಮಾಡಿ ಹೇಳಿಬಿಡಿ, ದಾರಿ ಕಾಯುತ್ತಾ ಕೂತಿರುತ್ತಾರೆ.

ಪ್ರಶ್ನೆ: ಹಳೇ ಮಂಚ ಮಾರಬೇಕು ಅಂತ ಆನ್‌ಲೈನಿನಲ್ಲಿ ಹಾಕಿದ್ದೆ. ಒಬ್ಬ ಮಿಲಿಟರಿಯವನು ಅಂತ ಹೇಳಿ, ನೋಡದೇ ಒಪ್ಪಿದ. ‘ಕ್ಯೂಆರ್ ಕಳಿಸಿದ್ದೀನಿ, ಸ್ಕ್ಯಾನ್ ಮಾಡಿ ಪಿನ್ ಹಾಕಿದರೆ ದುಡ್ಡು ಬರುತ್ತೆ, ಬೇಗ ಮಾಡಿ, ಗಾಡಿ ಹೊರಟಿದೆ’ ಅಂದ. 8000 ಹೋಯಿತು. ಗಂಡನಿಗೆ ಇನ್ನೂ ಹೇಳಿಲ್ಲ. (ಓದುಗರು, ವಾಸ್ಕೋ)

ಅಕ್ಕಾ, ಮೊದಲು 1930ಕ್ಕೆ ಫೋನ್ ಮಾಡಿ. ಈ ಪುಟ ಕೈಗೆ ಬರುವ ಹೊತ್ತಿಗೆ ದಿನಗಳಾಗಿರುತ್ತವೆ, ಅದಕ್ಕೆ ನಿಮ್ಮ ಪತ್ರ ಸಿಕ್ಕ ದಿನವೇ ನಿಮಗೆ ಬೇರೆಯಾಗಿ ತಿಳಿಸಿದ್ದೇನೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. 1930 ಸೈಬರ್ ವಂಚನೆಯ ಸಹಾಯವಾಣಿ, ಗೋವಾದಲ್ಲೂ ಮಹಾರಾಷ್ಟ್ರದಲ್ಲೂ ಅದೇ ನಂಬರ್. ಕಳ್ಳನ ಖಾತೆಯಿಂದ ದುಡ್ಡು ಇನ್ನೊಂದು ಖಾತೆಗೆ ಹಾರುವ ಮುಂಚೆ ತಡೆಹಿಡಿಯಲು ಆಗಬೇಕಾದರೆ ಮೊದಲ ಒಂದೆರಡು ಗಂಟೆಯೇ ಮುಖ್ಯ. ಜೊತೆಗೆ ಬ್ಯಾಂಕಿಗೂ ತಿಳಿಸಿ.

ಇಲ್ಲಿ ಒಂದು ಕಹಿ ವಿಷಯವನ್ನೂ ಹೇಳಬೇಕು. ನಿಮ್ಮ ತಪ್ಪೇ ಇಲ್ಲದೆ ಯಾರೋ ಹೊರಗಿನವರು ಖಾತೆಯಿಂದ ದುಡ್ಡು ಎಳೆದರೆ, ಬ್ಯಾಂಕಿನಿಂದ ಮೆಸೇಜ್ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ ಅಂತ ರಿಸರ್ವ್ ಬ್ಯಾಂಕಿನ 2017ರ ನಿಯಮ ಹೇಳುತ್ತದೆ. ಆದರೆ ಪಿನ್ ನಾವೇ ಹಾಕಿದ್ದರೆ ತಿಳಿಸುವವರೆಗಿನ ನಷ್ಟ ನಮ್ಮ ಮೇಲೆ ಬೀಳುತ್ತದೆ. ಬ್ಯಾಂಕಿಗೆ ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಅದಕ್ಕೇ ಮುಚ್ಚಿಡಬಾರದು ಅನ್ನುವುದು.

ಪಿನ್ ಹಾಕುವುದು ದುಡ್ಡು ಕೊಡಲಿಕ್ಕೆ, ಇಲ್ಲಾ ಬ್ಯಾಲೆನ್ಸ್ ನೋಡಲಿಕ್ಕೆ. ದುಡ್ಡು ಬರಲಿಕ್ಕೆ ಪಿನ್ ಬೇಡವೇ ಬೇಡ. ಇದನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ‘ಗಾಡಿ ಹೊರಟಿದೆ’ ಅಂದನಲ್ಲ, ಆ ಗಾಡಿ ಎಲ್ಲೂ ಇರಲಿಲ್ಲ, ನೀವು ಯೋಚನೆ ಮಾಡಬಾರದು ಅಂತ ಅವನು ಹಾಗಂದ. ಇವತ್ತು ರಾತ್ರಿ ಊಟ ಆದಮೇಲೆ ಯಜಮಾನರಿಗೆ ಹೇಳಿಬಿಡಿ ಅಕ್ಕಾ. ಮೋಸ ಮಾಡಿದ್ದು ಅವನು, ನೀವಲ್ಲ.

ಪ್ರಶ್ನೆ: ಬಟ್ಟೆ ಅಂಗಡಿಯಲ್ಲಿ ಮೊಬೈಲ್ ನಂಬರ್ ಕೊಡದಿದ್ದರೆ ಬಿಲ್ ಆಗಲ್ಲ ಅಂತಾರೆ. ಕೊಡಲೇಬೇಕಾ? (ಓದುಗರು, ಥಾಣೆ)

ಕೊಡಬೇಕಾಗಿಲ್ಲ. ನಂಬರಿಗೆ ಒತ್ತಾಯ ಮಾಡಬಾರದು ಅಂತ 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಗಳಿಗೆ ಹೇಳಿದೆ. ನಮ್ಮ ಬೀದಿಯ ಒಂದು ದೊಡ್ಡ ಅಂಗಡಿಯಲ್ಲಿ ನನಗೂ ಹೀಗೇ ಆಯ್ತು. ‘ಕಾಗದದ ಬಿಲ್ ಕೊಡಿ, ನಂಬರ್ ಕೊಡಲ್ಲ’ ಅಂದೆ. ಕೌಂಟರಿನ ಹುಡುಗಿ ಪಾಪ ಮ್ಯಾನೇಜರನ್ನು ಕರೆದಳು, ಅವರು ಬಂದು ಒಂದು ಬಟನ್ ಒತ್ತಿದರು, ಬಿಲ್ ಬಂತು. ಆ ಹುಡುಗಿಯ ಮೇಲೆ ರೇಗಬೇಡಿ. ಅವಳಿಗೆ ಹೇಳಿಕೊಟ್ಟಿದ್ದನ್ನು ಅವಳು ಕೇಳುತ್ತಾಳೆ.

ಪ್ರಶ್ನೆ: 20 ರೂಪಾಯಿಯ ನೀರಿನ ಬಾಟಲಿಗೆ ‘ಕೂಲಿಂಗ್’ ಅಂತ 25 ತೆಗೆದುಕೊಳ್ಳುತ್ತಾರೆ. ಸರೀನಾ? (ಓದುಗರು, ಮಡಗಾಂವ್)

ಅಂಗಡಿಯಲ್ಲಾದರೆ ಸರಿಯಲ್ಲ. ಎಂಆರ್‌ಪಿ ಅಂದರೆ ತೆರಿಗೆ ಎಲ್ಲ ಸೇರಿ ಅತಿ ಹೆಚ್ಚಿನ ಬೆಲೆ, ತಂಪು ಮಾಡಿದ್ದಕ್ಕೆ ಬೇರೆ ದುಡ್ಡಿಲ್ಲ. ಆದರೆ ಹೋಟೆಲಿನಲ್ಲಿ ಕೂತು, ಅವರು ತಂದುಕೊಟ್ಟು ಕುಡಿದರೆ ಜಾಸ್ತಿ ತೆಗೆದುಕೊಳ್ಳಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಂಗಡಿಯವರ ಮೇಲೆ ದೂರಿದ್ದರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು, ಕನ್ನಡದಲ್ಲೂ ಮಾತಾಡಬಹುದು. ಐದು ರೂಪಾಯಿಗೆ ಯಾಕೆ ತಲೆಬಿಸಿ ಅನ್ನುವವರಿದ್ದಾರೆ. ದಿನಕ್ಕೆ ನೂರು ಬಾಟಲಿ ಮಾರಿದರೆ ಅದು 500 ರೂಪಾಯಿ, ಅಲ್ವಾ?

ಪ್ರಶ್ನೆ: ಪುಣೆಯಲ್ಲಿ ನಮ್ಮ ಚಿಕ್ಕ ಹೂವಿನ ಅಂಗಡಿ. ಅತ್ತೆ ಕೂರುತ್ತಾರೆ. ಸೌಂಡ್ ಬಾಕ್ಸ್ ಹಿಂದಿಯಲ್ಲಿ ಹೇಳಿದ್ದು ಅವರಿಗೆ ತಿಳಿಯಲ್ಲ, ಅದಕ್ಕೆ ಪ್ರತಿ ಸಲ ನನಗೆ ಫೋನ್ ಮಾಡಿ ಕೇಳ್ತಾರೆ. ಏನಾದರೂ ದಾರಿ ಇದೆಯಾ?

ಇದೆ. ಅನೇಕ ಬಾಕ್ಸ್‌ಗಳಲ್ಲಿ ಕನ್ನಡ ಇದೆ. ವ್ಯಾಪಾರಿಗಳ ಆ್ಯಪ್ ತೆರೆದು ಸೌಂಡ್ ಬಾಕ್ಸ್‌ನ ಭಾಷೆ ಅನ್ನುವಲ್ಲಿ ಬದಲಾಯಿಸಿ, ಸಿಗದಿದ್ದರೆ ಬಾಕ್ಸ್ ಕೊಟ್ಟು ಹೋದವರಿಗೆ ಫೋನ್ ಮಾಡಿ ಕೇಳಿ. ಬದಲಾಯಿಸಿದ ಮೇಲೆ ಅತ್ತೆಯನ್ನು ಹತ್ತಿರ ಕೂರಿಸಿ ನಿಮ್ಮ ಫೋನಿನಿಂದ 1 ರೂಪಾಯಿ ಹಾಕಿ, ಆಮೇಲೆ 20, ಆಮೇಲೆ 120. ಇಪ್ಪತ್ತು ಯಾವುದು, ನೂರಿಪ್ಪತ್ತು ಯಾವುದು ಅಂತ ಅವರ ಕಿವಿಗೆ ಪಕ್ಕಾ ಆಗುವವರೆಗೆ ಎರಡು ಮೂರು ಸಲ ಮಾಡಿ. ಗುರುವಾರ, ಶುಕ್ರವಾರ ಹಾರ ಕೊಳ್ಳುವವರು ಜಾಸ್ತಿ ಬರುತ್ತಾರಲ್ಲ, ಅದಕ್ಕೆ ಮುಂಚೆ ಬುಧವಾರವೇ ಈ ಕೆಲಸ ಮುಗಿಸಿಬಿಡಿ.