ಇಂಗ್ಲಿಷಿನ ಪಾರ್ಟ್ಸ್ ಆಫ್ ಸ್ಪೀಚ್ (ನೌನ್, ವರ್ಬ್ ಅಂತ ಪದಗಳನ್ನು ವಿಂಗಡಿಸೋದು) ಡೆಫಿನಿಷನ್ ಎಲ್ಲಾ ಬಾಯಿಪಾಠ ಆಗಿದೆ. ವಾಕ್ಯ ಕೊಟ್ಟರೆ ಮಾತ್ರ ಗುರುತಿಸೋಕೆ ಆಗಲ್ಲ. ಏನು ಮಾಡಲಿ?

ಡೆಫಿನಿಷನ್‌ಗಳನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ನಾನು ಬೆಂಗಳೂರಿನ ವಿಜಯನಗರದಲ್ಲಿ ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತೇನೆ. ಕನ್ನಡ ಮೀಡಿಯಂನವರು ಜಾಸ್ತಿ ತಡವರಿಸೋದು ಒಂದೇ ಕಡೆ. ಪದ ಕಂಡ ಕೂಡಲೇ ಅದು ನೌನೋ ವರ್ಬೋ ಹೇಳಿಬಿಡುತ್ತಾರೆ, ಅಕ್ಕಪಕ್ಕ ಏನಿದೆ ಅಂತ ನೋಡೋದೇ ಇಲ್ಲ.

ಅವರ ತಪ್ಪೇನಿಲ್ಲ ಬಿಡಿ. ಕನ್ನಡದಲ್ಲಿ 'ಮರವನ್ನು', 'ಮರಕ್ಕೆ' ಅಂದರೆ ನಾಮಪದ, 'ಕಡಿದನು' ಅಂದರೆ ಕ್ರಿಯಾಪದ. ವಾಕ್ಯದಲ್ಲಿ ಎಲ್ಲಿಟ್ಟರೂ ಪದದ ಕೊನೆ ನೋಡಿದರೆ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಆ ಅನುಕೂಲ ಕಡಿಮೆ. ಪದ ಕೂತಿರುವ ಜಾಗವನ್ನೇ ನೋಡಬೇಕು.

ನಮ್ಮ ಮೆಟ್ರೋದಲ್ಲಿ 'ಡೋರ್ಸ್ ವಿಲ್ ಓಪನ್ ಆನ್ ದ ಲೆಫ್ಟ್' ಅಂತಾರಲ್ಲ, ಅದನ್ನೇ ತಗೊಳ್ಳಿ. 'ಲೆಫ್ಟ್'ಗೆ ಮೊದಲು 'ದ' ಇದೆ, ಆಮೇಲೆ ಏನೂ ಇಲ್ಲ. ಹಾಗಾಗಿ ನೌನ್. 'ಮೈ ಲೆಫ್ಟ್ ಹ್ಯಾಂಡ್' ಅಂದಾಗ ಯಾವ ಕೈ ಅಂತ ಹೇಳುತ್ತಿದೆ, ಅಡ್ಜೆಕ್ಟಿವ್. 'ಟರ್ನ್ ಲೆಫ್ಟ್' ಅಂದರೆ ಎತ್ತ ತಿರುಗಬೇಕು ಅನ್ನೋದು, ಅಡ್ವರ್ಬ್. 'ದ ಬಸ್ ಲೆಫ್ಟ್' ಅಂದರೆ ಬಸ್ ಹೋಯ್ತು, ವರ್ಬ್. (ಈ ಕೊನೆಯದು 'ಲೀವ್'ನ ಭೂತಕಾಲ. ಸ್ಪೆಲಿಂಗ್ ಒಂದೇ, ಪದ ಬೇರೆ.) ಅದೇ ಅನೌನ್ಸ್‌ಮೆಂಟಿನ 'ಓಪನ್' ವರ್ಬ್, ಯಾಕಂದ್ರೆ ಮುಂಚೆ 'ವಿಲ್' ಇದೆ. 'ದ ಶಾಪ್ ಈಸ್ ಓಪನ್' ಅಂದರೆ ಅಡ್ಜೆಕ್ಟಿವ್.

ವಾಕ್ಯ ಸಿಕ್ಕರೆ ಮೊದಲು ವರ್ಬ್ ಹುಡುಕಿ. ಸುಲಭದ ದಾರಿ ಒಂದಿದೆ: ವಾಕ್ಯಕ್ಕೆ 'ಯೆಸ್ಟರ್ಡೇ' ಸೇರಿಸಿ. 'ಶೀ ವಾಟರ್ಸ್ ದ ಪ್ಲಾಂಟ್ಸ್' ಅನ್ನೋದು 'ವಾಟರ್ಡ್' ಆಗುತ್ತದೆ, ಅಲ್ವಾ? ರೂಪ ಬದಲಾದ ಪದವೇ ವರ್ಬ್. ನೀರು ಅಂದರೆ ವಸ್ತು, ಹಾಗಾಗಿ ನೌನ್ ಅಂತ ಬರೆದರೆ ಮಾರ್ಕ್ಸ್ ಹೋಯ್ತು.

ಪ್ರೆಪೊಸಿಷನ್ನಿಗೆ ಅದರ ಮುಂದೆ ನೌನ್ ಇದೆಯಾ ನೋಡಿ. 'ಇನ್ ದ ಬಸ್' ಪ್ರೆಪೊಸಿಷನ್, ಬರೀ 'ಕಮ್ ಇನ್' ಅಂದರೆ ಅಡ್ವರ್ಬ್. ಕೊನೆಯಲ್ಲಿ 'ಲಿ' ಬಂದರೆ ಅಡ್ವರ್ಬ್ ಅನ್ನೋ ಸೂತ್ರವನ್ನು ಪೂರ್ತಿ ನಂಬಬೇಡಿ. 'ಫ್ರೆಂಡ್ಲಿ' ಅಡ್ಜೆಕ್ಟಿವ್.

'ಎ', 'ದ' ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಳೇ ಗ್ರಾಮರ್ ಪುಸ್ತಕಗಳು ಅಡ್ಜೆಕ್ಟಿವ್ ಅನ್ನುತ್ತವೆ, ಈಚಿನವು ಡಿಟರ್ಮಿನರ್ (ನೌನ್‌ಗೆ ಮುಂಚೆ ಬಂದು ಯಾವುದು, ಎಷ್ಟು ಅಂತ ತೋರಿಸೋ ಪದ) ಅನ್ನುತ್ತವೆ. ಪರೀಕ್ಷೆಗಾದರೆ ನಿಮ್ಮ ಪಠ್ಯಪುಸ್ತಕದಲ್ಲಿ ಇರೋದನ್ನೇ ಬರೆಯಿರಿ.