ನದಿ ನೀರಿನಲ್ಲಿ ಅಂತರಗಂಗೆ ತಾಮ್ರವನ್ನು ಕಡಿಮೆ ಹೀರುವುದೇಕೆ?

ಪುಣೆಯ ನಲ್ಲಿ ನೀರಿಗೂ ಮುಠಾ ನದಿ ನೀರಿಗೂ ಲೀಟರಿಗೆ 1 ಮಿಲಿಗ್ರಾಂ ತಾಮ್ರವನ್ನೇ ಬೆರೆಸಿದ್ದೀರಿ, ಆದರೂ ನದಿ ನೀರಿನ ಟಬ್ಬಿನ ಅಂತರಗಂಗೆ ಕಡಿಮೆ ಹೀರಿದೆ ಎಂದಿದ್ದೀರಿ. ಗಿಡದ ದೋಷವಲ್ಲ ಸರ್. ಕೊಳಚೆ ಸೇರಿದ ನೀರಿನಲ್ಲಿ ಕರಗಿದ ಸಾವಯವ ವಸ್ತು ಜಾಸ್ತಿ. ಅದರ ಅಣುಗಳಲ್ಲಿರುವ ಕಾರ್ಬಾಕ್ಸಿಲ್, ಫಿನಾಲ್ ಎಂಬ ರಾಸಾಯನಿಕ ಗುಂಪುಗಳು ತಾಮ್ರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಬೇರು ಮುಖ್ಯವಾಗಿ ಹೀರುವುದು ಹೀಗೆ ಬಂಧಿಯಾಗದೆ ಬಿಡಿಯಾಗಿರುವ ತಾಮ್ರದ ಅಯಾನನ್ನು (ವಿದ್ಯುದಾವೇಶವುಳ್ಳ ಕಣವನ್ನು). ಸೀಸವೂ ಹೀಗೇ. ಕ್ಯಾಡ್ಮಿಯಂ, ಸತುವಿನ ಮೇಲೆ ಈ ಹಿಡಿತ ಸಡಿಲ.

0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ ಅಳೆದರೂ ಸಾಲದು, ಬಂಧಿತ ತಾಮ್ರವೂ ಆ ಅಂಕಿಯಲ್ಲಿ ಸೇರಿರುತ್ತದೆ. ಬಿಡಿ ಅಯಾನನ್ನು ಅಳೆಯಲು ತಾಮ್ರದ ಅಯಾನನ್ನೇ ಗುರುತಿಸುವ ಎಲೆಕ್ಟ್ರೋಡ್ (ಅಯಾನ್-ಸೆಲೆಕ್ಟಿವ್ ಎಲೆಕ್ಟ್ರೋಡ್) ಬೇಕು. ಕರಗಿದ ಸಾವಯವ ಇಂಗಾಲವನ್ನೂ ಅಳೆಸಿ; ಫಿಲ್ಟರನ್ನು ಮೊದಲು ಶುದ್ಧ ನೀರಿನಲ್ಲಿ ತೊಳೆಯದಿದ್ದರೆ ಅದರಿಂದಲೇ ಇಂಗಾಲ ಬಿಟ್ಟುಕೊಂಡು ಲೆಕ್ಕ ಕೆಡುತ್ತದೆ.

ತಾಮ್ರ ಬೆರೆಸಿ 24 ಗಂಟೆ ಬಿಟ್ಟ ಮೇಲೆ ಗಿಡ ಇಡಿ. ಎರಡೂ ಟಬ್ಬಿನ ಪಿಎಚ್ ಒಂದೇ ಇರಲಿ. ಬೇರು ಒಣಗಿಸುವ ಮುನ್ನ ಲೋಹವನ್ನು ಹಿಡಿದು ಬಿಡಿಸುವ ಇಡಿಟಿಎ ಎಂಬ ರಾಸಾಯನಿಕದ 10 ಮಿಲಿಮೋಲಾರ್ ದ್ರಾವಣದಲ್ಲಿ 10 ನಿಮಿಷ ಅದ್ದಿ ತೊಳೆಯಲೇಬೇಕು. ಇಲ್ಲದಿದ್ದರೆ ಬೇರಿನ ಕೂದಲಿಗೆ ಮೆತ್ತಿದ ಕಪ್ಪು ಕೆಸರಿನ ತಾಮ್ರವೂ ಒಳಗೆ ಹೋದದ್ದೆಂದೇ ಲೆಕ್ಕಕ್ಕೆ ಬರುತ್ತದೆ.

ಖಚಿತವಾಗಬೇಕಿದ್ದರೆ ಮೂರನೇ ಟಬ್ ಇಡಿ: ನಲ್ಲಿ ನೀರು, ಅಷ್ಟೇ ತಾಮ್ರ, ಲೀಟರಿಗೆ 10 ಮಿಲಿಗ್ರಾಂ ಹ್ಯೂಮಿಕ್ ಆಮ್ಲ (ಸಸ್ಯಗಳು ಕೊಳೆತು ಉಂಟಾಗುವ ಸಾವಯವ ವಸ್ತು). ಅಲ್ಲೂ ಹೀರಿಕೆ ಇಳಿದರೆ ಕಾರಣ ಸಾವಯವ ವಸ್ತುವೇ.