ಕೊಡಗಿನಲ್ಲಿ ಮಿಷನರಿಗಳು ಜನರ ಜೊತೆ ಹೇಗೆ ಬೆರೆತರು?

ಮೊದಲು ಭಾಷೆ ಕಲಿತರು, ಆಮೇಲೆ ಅಲ್ಲೇ ನೆಲೆ ನಿಂತರು. ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆ ಬಾಸೆಲ್ ಮಿಷನ್‌ನ ಹರ್ಮನ್ ಮೋಗ್ಲಿಂಗ್ ಅವರನ್ನೇ ನೋಡಿ. 1836ರಲ್ಲಿ ಜರ್ಮನಿಯಿಂದ ಮಂಗಳೂರಿಗೆ ಬಂದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಶುರು ಮಾಡಿದರು. ಕೊಡಗಿಗೆ ಬಂದದ್ದು 1850ರ ದಶಕದಲ್ಲಿ. ಅಷ್ಟರಲ್ಲಿ ಅವರಿಗೆ ಕನ್ನಡ ಚೆನ್ನಾಗಿ ಒಗ್ಗಿತ್ತು.

ಅಮ್ಮತ್ತಿ ಹತ್ತಿರದ ಆನಂದಪುರ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಜಮೀನ್ದಾರರ ಗದ್ದೆಯಲ್ಲಿ ಜೀತದಂತೆ ದುಡಿಯುತ್ತಿದ್ದ ದಲಿತರು ಮತಾಂತರವಾದಾಗ, ಅವರಿಗೆ ಸುಮ್ನೆ ಪ್ರಾರ್ಥನೆ ಕಲಿಸಿದರೆ ಸಾಕಾಗುತ್ತಿರಲಿಲ್ಲ. ಇರೋಕೆ ಮನೆ, ಉಳೋಕೆ ನೆಲ ಬೇಕಿತ್ತು, ಅಲ್ವಾ? ಹಾಗೆ ಆನಂದಪುರ ಅನ್ನೋ ಊರೇ ಕಟ್ಟಬೇಕಾಯಿತು. ಆದರೆ ಮತ ಬದಲಾದವರು ಹಳೆಯ ನಂಟಿನಿಂದ ದೂರವಾಗುವ ನೋವೂ ಇತ್ತು. ಅದನ್ನು ಮರೆಯಬಾರದು.

ಆದರೆ ಕೊಡಗಿನ ಕ್ರೈಸ್ತರ ಕಥೆ ಇನ್ನೂ ಹಳೆಯದು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ಜಾಗ ಕೊಟ್ಟರು. ಅಲ್ಲಿನ ಸಂತ ಅನ್ನಮ್ಮ ಚರ್ಚ್ ಶುರುವಾದದ್ದು 1792ರಲ್ಲಿ. ಅಲ್ಲಿ ಮೊದಲ ಹೆಜ್ಜೆ ಇಟ್ಟದ್ದು ಮಿಷನರಿಯಲ್ಲ, ಆಶ್ರಯ ಕೊಟ್ಟ ಅರಸ.